ಫ್ಯಾಬ್‌ಇಂಡಿಯಾ ಕುರ್ತಾ: ಹೊಗಳುವವರೂ ಬೈಯುವವರೂ ಕೇಳುವ ಪ್ರಶ್ನೆಗಳು

ಫ್ಯಾಬ್‌ಇಂಡಿಯಾ ಹೆಸರು ಎತ್ತಿದರೆ ಸಾಕು, ಎರಡು ಪಕ್ಷ ಆಗಿಬಿಡುತ್ತದೆ. ಒಂದು ಪಕ್ಷದವರ ಬೀರು ತೆಗೆದರೆ ಅರ್ಧಕ್ಕರ್ಧ ಅದೇ ಅಂಗಡಿಯ ಕುರ್ತಾಗಳು. ಇನ್ನೊಂದು ಪಕ್ಷದವರು ‘ಆ ದುಡ್ಡಿಗೆ ಎರಡು ಡ್ರೆಸ್ ಹೊಲಿಸಬಹುದಿತ್ತು’ ಅನ್ನುತ್ತಾರೆ. ಆಫೀಸಿನ ಊಟದ ಹೊತ್ತಿನಲ್ಲಿ, ಟೈಲರ್ ಅಂಗಡಿಯ ಬೆಂಚಿನ ಮೇಲೆ, ಮದುವೆಮನೆ ಪಂಕ್ತಿಯಲ್ಲಿ ಮತ್ತೆ ಮತ್ತೆ ಕಿವಿಗೆ ಬೀಳುವ ಪ್ರಶ್ನೆಗಳನ್ನು ಇಲ್ಲಿ ಒಟ್ಟು ಹಾಕಿದ್ದೇನೆ. ನಾನು ಆ ಕಂಪನಿಯವಳಲ್ಲ, ಅದರ ಎದುರಾಳಿಯೂ ಅಲ್ಲ. ಬಟ್ಟೆ ಕೊಂಡು, ಹಾಕಿಕೊಂಡು, ಒಗೆದು ಅಭ್ಯಾಸ ಇರುವವಳು, ಅಷ್ಟೇ.

ಒಬ್ಬರು ‘ಹತ್ತು ವರ್ಷ ಬಂತು’ ಅಂತಾರೆ, ಇನ್ನೊಬ್ಬರು ‘ಎರಡು ಒಗೆತಕ್ಕೆ ಹೋಯ್ತು’ ಅಂತಾರೆ. ಯಾರನ್ನು ನಂಬೋದು?

ಇಬ್ಬರನ್ನೂ ನಂಬಬಹುದು. ಅವರು ಕೊಂಡಿದ್ದು ಬೇರೆ ಬೇರೆ ಬಟ್ಟೆ. ಅಂಗಡಿಯೊಳಗೆ ಒಂದು ಸುತ್ತು ಹಾಕಿ ನೋಡಿ. ಒಂದು ಸಾಲಿನಲ್ಲಿ ದಪ್ಪ ನೂಲಿನ ಹತ್ತಿ ಬಟ್ಟೆ. ಪಕ್ಕದಲ್ಲಿ ರಾಜಸ್ಥಾನದ ಅಚ್ಚಿನ ಮುದ್ರಣ. ಅದರಾಚೆ ರೇಷ್ಮೆ ಬೆರೆತ ಚಂದೇರಿ, ಆಮೇಲೆ ಲಿನನ್, ಮೂಲೆಯಲ್ಲಿ ಜಾರುವ ವಿಸ್ಕೋಸ್. ನೂಲು ಬೇರೆ, ಬಣ್ಣ ಬೇರೆ, ನೇಯ್ದ ಊರು ಬೇರೆ. ಕುತ್ತಿಗೆ ಹಿಂದಿನ ಲೇಬಲ್ ಮಾತ್ರ ಒಂದೇ.

ಹೀಗಿರುವಾಗ ‘ಈ ಬ್ರ್ಯಾಂಡ್ ಒಳ್ಳೇದಾ ಕೆಟ್ಟದ್ದಾ’ ಎಂದು ಕೇಳಿದರೆ ಉತ್ತರ ಸಿಗುವುದಿಲ್ಲ. ‘ಈ ಕೈಯಲ್ಲಿರುವ ಕುರ್ತಾ ಹೇಗಿದೆ’ ಎಂದು ಕೇಳಿದರೆ ಸಿಗುತ್ತದೆ. ಮುಂದಿನ ಉತ್ತರಗಳೆಲ್ಲ ಹೆಚ್ಚುಕಡಿಮೆ ಇದರ ಸುತ್ತಲೇ ಇವೆ.

ಇದು ಸರ್ಕಾರದ ಅಂಗಡಿನಾ? ಹೆಸರು ನೋಡಿದ್ರೆ ಹಾಗೇ ಅನ್ನಿಸುತ್ತೆ.

ಅಲ್ಲ, ಖಾಸಗಿ ಕಂಪನಿ. ಶುರು ಮಾಡಿದವರು ಜಾನ್ ಬಿಸೆಲ್ ಎಂಬ ಅಮೆರಿಕದವರು. ಫೋರ್ಡ್ ಫೌಂಡೇಷನ್ ಕಡೆಯಿಂದ 1958ರಲ್ಲಿ ದೆಹಲಿಗೆ ಬಂದು, ಇಲ್ಲಿನ ಕೈಮಗ್ಗದ ಬಟ್ಟೆಗೆ ಮರುಳಾಗಿ, 1960ರಲ್ಲಿ ಕಂಪನಿ ತೆರೆದರು. ಆಗ ಅದು ರಫ್ತಿನ ವ್ಯವಹಾರ. ಜಮಖಾನೆ, ಪರದೆ ಬಟ್ಟೆ, ಸೋಫಾ ಬಟ್ಟೆಗಳನ್ನು ಇಲ್ಲಿ ನೇಯಿಸಿ ಹೊರದೇಶಕ್ಕೆ ಕಳಿಸುತ್ತಿದ್ದರು. ಬ್ರಿಟನ್ನಿನ ಹ್ಯಾಬಿಟಾಟ್ ಎಂಬ ಗೃಹೋಪಯೋಗಿ ಮಳಿಗೆ ಅವರ ದೊಡ್ಡ ಗಿರಾಕಿಯಾಗಿತ್ತು. ನಮ್ಮಲ್ಲಿ ಮೊದಲ ಅಂಗಡಿ ತೆರೆದಿದ್ದು 1976ರಲ್ಲಿ, ದೆಹಲಿಯ ಗ್ರೇಟರ್ ಕೈಲಾಶ್‌ನಲ್ಲಿ. ಜಾನ್ 1998ರಲ್ಲಿ ತೀರಿಕೊಂಡರು. ಆಮೇಲೆ ಮಗ ವಿಲಿಯಂ ಬಿಸೆಲ್ ನೋಡಿಕೊಂಡರು. ಊರೂರಿಗೆ ಅಂಗಡಿ ಬಂದಿದ್ದು, ಹೆಂಗಸರ ಕುರ್ತಾ ಎಂದರೆ ಫ್ಯಾಬ್‌ಇಂಡಿಯಾ ಎನ್ನುವ ಮಟ್ಟಿಗೆ ಬೆಳೆದಿದ್ದು ಮಗನ ಕಾಲದಲ್ಲಿ.

ಈ ಹಿನ್ನೆಲೆ ಯಾಕೆ ಮುಖ್ಯ ಅಂದರೆ, ಮೊದಲಿಗೆ ಇದು ಬಟ್ಟೆಯ ಕಂಪನಿ. ಉಡುಪಿನ ಕಂಪನಿ ಆದದ್ದು ಆಮೇಲೆ. ‘ಬಟ್ಟೆ ಚೆಂದ, ಕಟಿಂಗ್ ಸಾಲದು’ ಎಂಬ ಮಾತು ಇವತ್ತಿಗೂ ಕೇಳಿಬರಲು ಅದೂ ಒಂದು ಕಾರಣ ಇರಬಹುದು ಎಂದು ನನ್ನ ಅನುಮಾನ.

ಇಲ್ಲಿ ಮಾರೋದು ಖಾದಿ ತಾನೇ?

ನೋಡಲು ಒರಟಾಗಿದ್ದ ಮಾತ್ರಕ್ಕೆ ಖಾದಿ ಆಗುವುದಿಲ್ಲ. ಕಾನೂನಿನ ಪ್ರಕಾರ ಖಾದಿ ಎಂದರೆ ನೂಲನ್ನೂ ಕೈಯಲ್ಲೇ ತೆಗೆದಿರಬೇಕು, ಬಟ್ಟೆಯನ್ನೂ ಕೈಮಗ್ಗದಲ್ಲೇ ನೇಯ್ದಿರಬೇಕು. ಮಿಲ್ಲಿನ ನೂಲು ತಂದು ಕೈಮಗ್ಗದಲ್ಲಿ ನೇಯ್ದರೆ ಅದು ಕೈಮಗ್ಗದ ಬಟ್ಟೆ. ಎರಡೂ ಯಂತ್ರದಲ್ಲೇ ಆದರೆ ಅದು ಸಾದಾ ಹತ್ತಿ ಬಟ್ಟೆ. ಅಂಗಡಿಯವರು ‘ಖಾದಿ ಟೈಪ್ ಮೇಡಂ’ ಎಂದರೆ ಬಹಳ ಸಲ ಮೂರನೆಯದ್ದೇ ಇರುತ್ತದೆ.

ಈ ಹೆಸರಿನ ವಿಷಯಕ್ಕೆ ದೊಡ್ಡ ಜಗಳವೂ ಆಗಿದೆ. ಒಪ್ಪಿಗೆ ಇಲ್ಲದೆ ‘ಖಾದಿ’ ಹೆಸರು ಬಳಸಿದ್ದಾರೆ ಎಂದು ಖಾದಿ ಮತ್ತು ಗ್ರಾಮೋದ್ಯೋಗ ಆಯೋಗ ಫ್ಯಾಬ್‌ಇಂಡಿಯಾಗೆ ನೋಟಿಸ್ ಕೊಟ್ಟಿತ್ತು. 2018ರಲ್ಲಿ 525 ಕೋಟಿ ರೂಪಾಯಿ ಪರಿಹಾರ ಕೇಳಿತು. ಕಂಪನಿ ಆ ಆರೋಪವನ್ನು ಒಪ್ಪಲಿಲ್ಲ. ನಿಮಗೆ ಖಾದಿಯೇ ಬೇಕಿದ್ದರೆ ಖಾದಿ ಮಾರ್ಕ್ ನೋಡಿ ಕೊಳ್ಳಿ, ಅಥವಾ ಸೀದಾ ಖಾದಿ ಭಂಡಾರಕ್ಕೆ ಹೋಗಿ.

‘ಮೊದಲಿನ ಕ್ವಾಲಿಟಿ ಈಗಿಲ್ಲ’ ಅನ್ನೋದು ನಿಜವಾ, ಸುಮ್ನೆ ಹೇಳ್ತಾರಾ?

ಅತಿ ಹೆಚ್ಚು ಕೇಳಿಬರುವ ದೂರು ಇದು. ಒಂದೇ ಮಾತಿನಲ್ಲಿ ಹೌದು ಅಥವಾ ಇಲ್ಲ ಅನ್ನಲಾಗದು.

ಹಳೆಯ ಗಿರಾಕಿಗಳು ನೆನಪಿಸಿಕೊಳ್ಳುವುದು ದಪ್ಪ ಕೈಮಗ್ಗದ ಕುರ್ತಾಗಳನ್ನು. ಅವು ಮೊದಲು ಗಡುಸಾಗಿ, ಚುಚ್ಚುವ ಹಾಗಿದ್ದು, ಒಗೆದಂತೆಲ್ಲ ಮೆತ್ತಗಾಗುತ್ತಿದ್ದವು. ಈಗ ರ‍್ಯಾಕಿನಲ್ಲಿ ಜಾಸ್ತಿ ಕಾಣುವುದು ತೆಳು ಹತ್ತಿ, ಮೊದಲ ದಿನವೇ ಮೆತ್ತಗಿರುವ ಬಟ್ಟೆ. ಯಾಕೆಂದರೆ ಈಗಿನ ಗಿರಾಕಿ ಅಂಗಡಿಯಲ್ಲೇ ಮುಟ್ಟಿ ‘ಅಯ್ಯೋ ಎಷ್ಟು ಸಾಫ್ಟ್’ ಅಂದುಕೊಂಡು ಕೊಳ್ಳುವವರು. ತೆಳು ಬಟ್ಟೆ ಬೆಂಗಳೂರಿನ ಏಪ್ರಿಲ್‌ಗೆ, ಮಂಗಳೂರಿನ ಸೆಕೆಗೆ ಹಾಯ್. ಆದರೆ ಬಾಳಿಕೆ ಕಡಿಮೆ. ಕಂಕುಳಲ್ಲಿ, ಬ್ಯಾಗಿನ ಪಟ್ಟಿ ಉಜ್ಜುವ ಭುಜದಲ್ಲಿ ಮೊದಲು ಸವೆಯುತ್ತದೆ.

ಇನ್ನೊಂದು ಮಾತು. ಉಳಿದ ಬಟ್ಟೆಯನ್ನಷ್ಟೇ ನಾವು ನೆನಪಿಟ್ಟುಕೊಳ್ಳುತ್ತೇವೆ. ಹದಿನೈದು ವರ್ಷದ ಹಿಂದೆ ಕೊಂಡು ಆರು ತಿಂಗಳಿಗೆ ಒರೆಸುವ ಬಟ್ಟೆ ಆದದ್ದು ಯಾರ ಲೆಕ್ಕದಲ್ಲೂ ಇಲ್ಲ. ಈಗಲೂ ಬೀರುವಿನಲ್ಲಿರುವ ಒಂದು ಕುರ್ತಾ ಎಲ್ಲದರ ಪರವಾಗಿ ಸಾಕ್ಷಿ ಹೇಳುತ್ತದೆ.

ಆದರೂ ದೂರಿನಲ್ಲಿ ತಿರುಳಿಲ್ಲ ಎಂದು ಹೇಳಲಾರೆ. ಕೆಲವೇ ಅಂಗಡಿಗಳಿಗೆ ಬಟ್ಟೆ ಹೊಂದಿಸುವುದು ಬೇರೆ, ದೇಶದ ತುಂಬ ಇರುವ ನೂರಾರು ಅಂಗಡಿಗಳಿಗೆ ಹೊಂದಿಸುವುದು ಬೇರೆ. ಕೈಯಲ್ಲಿ ಮಾಡಿದ ವಸ್ತು ಒಂದರಂತೆ ಒಂದಿರುವುದಿಲ್ಲ. ಅದೇ ಅದರ ಚೆಂದ. ಅದೇ ವಸ್ತುವನ್ನು ಎಸ್, ಎಂ, ಎಲ್ ಎಂದು ಸಾವಿರಗಟ್ಟಲೆ ಕೇಳಿದರೆ ಎಲ್ಲೋ ಒಂದು ಕಡೆ ಎಳೆ ಸಡಿಲವಾಗುತ್ತದೆ. ಇದು ಬರೀ ಈ ಒಂದು ಕಂಪನಿಯ ಕಷ್ಟ ಅಲ್ಲ.

ಬಣ್ಣ ಬಿಡುತ್ತೆ ಅಂತ ಎಲ್ಲರೂ ಬೈತಾರೆ. ಇಷ್ಟು ದುಡ್ಡು ಕೊಟ್ಟ ಮೇಲೂ ಯಾಕೆ ಹೀಗೆ?

ಬಣ್ಣ ಬಿಡುವುದರಲ್ಲೂ ಬಗೆಗಳಿವೆ. ಕೆಲವು ಸಹಜ, ಕೆಲವು ಶುದ್ಧ ಕಳಪೆ ಕೆಲಸ. ಇದು ಗೊತ್ತಿದ್ದರೆ ಅರ್ಧ ಜಗಳ ಮುಗಿಯುತ್ತದೆ.

ಮೊದಲು ನೀಲಿಯ ಕತೆ. ನೀಲಿ ಗಿಡದ ಬಣ್ಣ, ಅಂದರೆ ಇಂಡಿಗೊ, ನೀರಿನಲ್ಲಿ ಕರಗುವುದಿಲ್ಲ. ಅದನ್ನು ತೊಟ್ಟಿಯಲ್ಲಿ ಹುದುಗಿಸಿ ಕರಗುವ ರೂಪಕ್ಕೆ ತರುತ್ತಾರೆ. ಬಟ್ಟೆಯನ್ನು ಅದ್ದಿ ತೆಗೆದಾಗ ಹಸಿರು ಹಳದಿ ಇರುತ್ತದೆ. ಗಾಳಿ ತಾಕಿದ ಹಾಗೆ ಕಣ್ಣೆದುರೇ ನೀಲಿಗೆ ತಿರುಗುತ್ತದೆ. ಹಾಗೆ ಕೂತ ಬಣ್ಣ ನೂಲಿನ ಮೇಲುಭಾಗದಲ್ಲೇ ಜಾಸ್ತಿ ಇರುತ್ತದೆ. ಹಾಗಾಗಿ ಉಜ್ಜಿದರೆ ಉದುರುತ್ತದೆ. ಹೊಸ ಜೀನ್ಸ್ ಹಾಕಿದರೆ ತಿಳಿಬಣ್ಣದ ಸೋಫಾಕ್ಕೆ ನೀಲಿ ಮೆತ್ತುವುದೂ ಇದೇ ಕಾರಣಕ್ಕೆ. ಜೀನ್ಸ್ ಮಾಡಿದರೆ ಫ್ಯಾಷನ್, ಕುರ್ತಾ ಮಾಡಿದರೆ ಮೋಸ ಅಂತೀವಿ, ಅಲ್ವಾ?

ಎರಡನೆಯದು ಮುದ್ರಣದ ಬಟ್ಟೆ. ಜೈಪುರದ ಹತ್ತಿರದ ಬಗ್ರು, ಸಾಂಗಾನೇರ್, ಕಛ್‌ನ ಅಜ್ರಖ್‌ಪುರ, ಮಧ್ಯಪ್ರದೇಶದ ಬಾಗ್, ಆಂಧ್ರದ ಮಚಲೀಪಟ್ಟಣ, ಇವೆಲ್ಲ ಮರದ ಅಚ್ಚಿನ ಮುದ್ರಣಕ್ಕೆ ಹೆಸರಾದ ಊರುಗಳು. ಸಾಂಪ್ರದಾಯಿಕ ಕೆಲಸದಲ್ಲಿ ಬಟ್ಟೆಯನ್ನು ಮೊದಲು ಅಳಲೆಕಾಯಿ ನೀರಿನಲ್ಲಿ ಅದ್ದುತ್ತಾರೆ. ತುಕ್ಕು ಹಿಡಿದ ಕಬ್ಬಿಣವನ್ನು ಬೆಲ್ಲದ ಜೊತೆ ಕೊಳೆಸಿ ಕಪ್ಪು ತೆಗೆಯುತ್ತಾರೆ. ಕೆಂಪಿಗೆ ಪಟಿಕ ಬೇಕು. ಸರಿಯಾಗಿ ಮಾಡಿ, ಕುದಿಸಿ, ಚೆನ್ನಾಗಿ ತೊಳೆದಿದ್ದರೆ ಈ ಕಪ್ಪು ಕೆಂಪು ವರ್ಷಗಟ್ಟಲೆ ಇರುತ್ತವೆ. ಕೊನೆಯ ತೊಳೆತಕ್ಕೆ ನೀರು ತುಂಬಾ ಬೇಕು. ಅವಸರ ಮಾಡಿ ಅಲ್ಲಿ ಉಳಿಸಿದ ನೀರಿಗೆ ನಮ್ಮ ಬಕೆಟ್ಟಿನಲ್ಲಿ ಬೆಲೆ ತೆರಬೇಕಾಗುತ್ತದೆ.

ಮೂರನೆಯದು ರಾಸಾಯನಿಕ ಬಣ್ಣ. ಇದರಲ್ಲಿ ಹತ್ತಿಯ ಜೊತೆ ಗಟ್ಟಿಯಾಗಿ ಬೆಸೆಯುವ ಬಗೆ ಇದೆ, ಸುಮ್ನೆ ಅಂಟಿಕೊಂಡು ಕೂರುವ ಬಗೆಯೂ ಇದೆ. ಬೆಸೆಯುವ ಬಗೆಯಲ್ಲೂ ಅಂಟದೆ ಉಳಿದ ಬಣ್ಣ ಮೊದಲ ಒಂದೆರಡು ಒಗೆತದಲ್ಲಿ ಹೊರಬರುತ್ತದೆ. ಅದಕ್ಕೆ ಹೆದರಬೇಕಿಲ್ಲ. ಐದನೇ ಒಗೆತದಲ್ಲೂ ನೀರು ಕೆಂಪಾದರೆ ಅದು ಕೆಟ್ಟ ಕೆಲಸ. ಯಾವ ಲೇಬಲ್ ಇದ್ದರೂ ಕೆಟ್ಟ ಕೆಲಸವೇ.

ಪರೀಕ್ಷೆ ಸುಲಭ. ಬಿಳಿ ಕರವಸ್ತ್ರದ ತುದಿ ಒದ್ದೆ ಮಾಡಿ, ಕುರ್ತಾದ ಒಳಗಿನ ಹೊಲಿಗೆ ಅಂಚಿಗೆ ಹಿಡಿದು ಹತ್ತು ಸಲ ಉಜ್ಜಿ. ತೆಳುವಾಗಿ ಬಣ್ಣ ಹತ್ತಿದರೆ ಬೇರೆಯಾಗಿ ಒಗೆಯಿರಿ. ಗಾಢವಾಗಿ ಹತ್ತಿದರೆ ವಾಪಸ್ ಕೊಡುವ ಯೋಚನೆ ಮಾಡಿ. ಒಣ ಬಟ್ಟೆಯಲ್ಲೇ ಉಜ್ಜಿದಾಗ ಬಣ್ಣ ಬಂದರೆ ಮತ್ತೂ ಕಷ್ಟ. ಅಂಥದ್ದನ್ನು ಹಾಕಿಕೊಂಡು ಬೆವರಿದರೆ ಒಳಬಟ್ಟೆ, ಚರ್ಮ ಎರಡೂ ಬಣ್ಣ ಬಣ್ಣ.

ಉಪ್ಪು, ವಿನೆಗರ್ ಹಾಕಿ ನೆನೆಸಿದ್ರೆ ಬಣ್ಣ ನಿಲ್ಲುತ್ತೆ ಅಂತ ಅಮ್ಮ ಹೇಳ್ತಾರೆ?

ಎಲ್ಲರ ಅಮ್ಮನೂ ಹೇಳುತ್ತಾರೆ. ಬಣ್ಣದ ತೊಟ್ಟಿಗೆ ಉಪ್ಪು ಹಾಕುವುದು ನಿಜ, ಬಣ್ಣ ನೂಲಿಗೆ ಚೆನ್ನಾಗಿ ಹತ್ತಲಿ ಎಂದು. ಆದರೆ ಬಣ್ಣ ಹಾಕಿ ಮುಗಿದ ಬಟ್ಟೆಗೆ ಮನೆಯ ಬಕೆಟ್ಟಿನಲ್ಲಿ ಉಪ್ಪು ಹಾಕಿದರೆ ಹೇಳಿಕೊಳ್ಳುವ ಪ್ರಯೋಜನ ಇಲ್ಲ. ವಿನೆಗರ್ ಉಣ್ಣೆ, ರೇಷ್ಮೆಯ ಕೆಲವು ಬಣ್ಣಗಳಿಗೆ ಸರಿ, ಹತ್ತಿಗಲ್ಲ. ಕಬ್ಬಿಣದಿಂದ ತೆಗೆದ ಕಪ್ಪಿಗಂತೂ ಹುಳಿ ಶತ್ರು. ಕಛ್‌ನ ಅಚ್ಚು ಮುದ್ರಣವಾದ ಅಜ್ರಖ್‌ನ ಕುರ್ತಾ ಮೇಲೆ ನಿಂಬೆರಸ ಬಿದ್ದರೆ ಆ ಜಾಗ ಬಿಳಿಚಿಕೊಳ್ಳಬಹುದು.

ಕೆಲಸಕ್ಕೆ ಬರುವುದು ಇಷ್ಟೇ. ತಣ್ಣೀರು, ಸ್ವಲ್ಪವೇ ಸೌಮ್ಯ ಸೋಪು ಅಥವಾ ಅಂಟುವಾಳಕಾಯಿ, ಗಂಟೆಗಟ್ಟಲೆ ನೆನೆಸದೆ ಹತ್ತು ನಿಮಿಷದಲ್ಲಿ ಎತ್ತುವುದು, ಒಳಮೈ ಹೊರಗೆ ಮಾಡಿ ನೆರಳಿನಲ್ಲಿ ಒಣಗಿಸುವುದು. ಬಣ್ಣ ಬಿಡುವ ಬಟ್ಟೆಯನ್ನು ಒದ್ದೆಯಾಗಿ ಮುದ್ದೆ ಮಾಡಿ ಇಡಬೇಡಿ. ಒಂದು ಕಡೆಯ ಕೆಂಪು ಇನ್ನೊಂದು ಕಡೆಯ ಬಿಳಿಗೆ ಹೋಗುವುದು ಆಗಲೇ.

ಎಷ್ಟು ಕುಗ್ಗುತ್ತೆ?

ಮೊದಲೇ ಕುಗ್ಗಿಸದ ಹತ್ತಿ ಬಟ್ಟೆ ಸಾಮಾನ್ಯವಾಗಿ ನೂರಕ್ಕೆ ಮೂರರಿಂದ ಐದರಷ್ಟು ಕುಗ್ಗಬಹುದು. ಸಡಿಲ ನೇಯ್ಗೆ ಆದರೆ ಇನ್ನೂ ಜಾಸ್ತಿ. 44 ಇಂಚಿನ ಉದ್ದದ ಕುರ್ತಾಕ್ಕೆ ಐದು ಅಂದರೆ ಎರಡು ಇಂಚಿಗಿಂತ ಮೇಲೆ. ಮೊಣಕಾಲಿನ ಕೆಳಗಿದ್ದದ್ದು ಮೊಣಕಾಲಿಗೆ ಬರುತ್ತದೆ. ಉದ್ದದಲ್ಲಿ ಆದರೆ ಹೇಗೋ ನಡೆಯುತ್ತದೆ. ತೋಳು ಮತ್ತು ಎದೆಯಲ್ಲಿ ಆದರೆ ಕಷ್ಟ. ಸರಿಯಾಗಿ ಕೂರುವ ಸೈಜಿಗೂ ಒಂದು ಮೇಲಿನದಕ್ಕೂ ನಡುವೆ ಇದ್ದರೆ, ಹತ್ತಿಯಲ್ಲಿ ಮೇಲಿನದೇ ಇರಲಿ.

ಸ್ಟೈಲ್ ಬಗ್ಗೆ ಹೇಳಿ. ‘ಮೂಟೆ ಹಾಗೆ ಕಾಣುತ್ತೆ’ ಅಂತ ನನ್ನ ಮಗಳು, ‘ಎಷ್ಟು ಗೌರವವಾಗಿದೆ’ ಅಂತ ನನ್ನ ಅತ್ತೆ.

ಇಬ್ಬರೂ ಒಂದೇ ನೇರ ಕಟ್ಟಿನ ಕುರ್ತಾ ನೋಡಿ ಹೇಳುತ್ತಿದ್ದಾರೆ. ಭುಜದಿಂದ ಸೀದಾ ಇಳಿಯುತ್ತದೆ, ಸೊಂಟದಲ್ಲಿ ಹಿಡಿಯುವುದಿಲ್ಲ, ಎರಡೂ ಬದಿ ಸೀಳು, ಮುಕ್ಕಾಲು ತೋಳು. ಬಸ್ಸು ಹತ್ತುವವರಿಗೆ, ಇಡೀ ದಿನ ಕ್ಲಾಸ್ ತಗೊಳ್ಳುವ ಮೇಷ್ಟ್ರಮ್ಮನಿಗೆ, ಹೆರಿಗೆಯಾದ ಮೇಲೆ ಮೈ ಬದಲಾಗಿರುವವರಿಗೆ ಇದಕ್ಕಿಂತ ಹಿತವಾದದ್ದು ಕಡಿಮೆ. ಬಟ್ಟೆ ಮೈಗೆ ಅಂಟಬೇಕು, ಸೊಂಟ ಕಾಣಬೇಕು ಎನ್ನುವ ಇಪ್ಪತ್ತರ ಹುಡುಗಿಗೆ ಇದು ಮೂಟೆಯೇ. ಅವಳಿಗೆ ಬುದ್ಧಿ ಹೇಳಲು ಹೋಗಬೇಡಿ. ಅವಳ ಮೈ, ಅವಳ ಇಷ್ಟ.

ಇದಕ್ಕೆ ‘ಬುದ್ಧಿಜೀವಿ ಯೂನಿಫಾರಂ’ ಎಂಬ ಅಡ್ಡಹೆಸರೂ ಬಿದ್ದಿದೆ. ಬೆಂಗಳೂರಿನ ರಂಗಶಂಕರದ ಮೆಟ್ಟಿಲ ಮೇಲೆ ನಾಟಕದ ಬೆಲ್ ಆಗುವ ಮುಂಚೆ ಒಂದು ಸಲ ಕಣ್ಣು ಹಾಯಿಸಿ. ಇಂಡಿಗೊ ಕುರ್ತಾ, ಬೆಳ್ಳಿ ಓಲೆ, ದೊಡ್ಡ ಬೊಟ್ಟು, ಹೆಗಲಿಗೆ ಬಟ್ಟೆ ಚೀಲ. ಜನವರಿಯ ಚಿತ್ರಸಂತೆಯಲ್ಲೂ ಅದೇ ನೋಟ. ತಮಾಷೆ ಮಾಡುವವರು ಮಾಡಲಿ. ಐಟಿ ಕಂಪನಿಯ ಲಿಫ್ಟಿನಲ್ಲಿ ಎಲ್ಲರೂ ಒಂದೇ ಥರದ ಜೀನ್ಸ್, ಟೀ ಶರ್ಟ್ ಹಾಕಿಕೊಂಡು ನಿಂತಿದ್ದರೆ ಯಾರೂ ಯೂನಿಫಾರಂ ಅನ್ನುವುದಿಲ್ಲ.

ನನ್ನ ಮಟ್ಟಿಗೆ ನಿಜವಾದ ಕೊರತೆ ಬೇರೆ. ಬಣ್ಣ, ವಿನ್ಯಾಸ ವರ್ಷದಿಂದ ವರ್ಷಕ್ಕೆ ಒಂದೇ ಥರ ಅನ್ನಿಸುತ್ತವೆ. ಆ ಸಾಸಿವೆ ಹಳದಿ, ಆ ಇಟ್ಟಿಗೆ ಕೆಂಪು, ಆ ಕಡುನೀಲಿ. ಇಷ್ಟಪಡುವವರು ಇಷ್ಟಪಡುವುದೂ ಅದಕ್ಕೇ. ಹೋದ ವರ್ಷದ ಪ್ಯಾಂಟಿಗೆ ಈ ವರ್ಷದ ಕುರ್ತಾ ಹೊಂದುತ್ತದೆ.

ಒಂದರಲ್ಲಿ ಎಂ ಸರಿ ಹೋದ್ರೆ ಇನ್ನೊಂದರಲ್ಲಿ ಎಲ್ ಕೂಡ ಟೈಟ್. ಇದೇನು ಆಟ?

ಒಂದು ಕಾರಣ ಬಟ್ಟೆಯೇ. ಅಳತೆ ಒಂದೇ ಇದ್ದರೂ ತೆಳು ವಿಸ್ಕೋಸ್ ಮೈಯ ಜೊತೆ ಇಳಿಯುತ್ತದೆ, ಗಡುಸು ಹತ್ತಿ ನಿಲ್ಲುತ್ತದೆ. ಕಟ್ ಬದಲಾದರೆ ಎದೆ, ತೋಳಿನ ಸುತ್ತಳತೆಯೂ ಬದಲಾಗುತ್ತದೆ. ಇನ್ನೊಂದು ಕಾರಣ ದೇಶದ್ದೇ. ನಮ್ಮವರ ಮೈಕಟ್ಟಿಗೆ ಎಲ್ಲರೂ ಒಪ್ಪುವ ಅಳತೆ ಪಟ್ಟಿ ಬಹಳ ಕಾಲ ಇರಲೇ ಇಲ್ಲ. ಪ್ರತಿ ಕಂಪನಿಗೂ ಅದರದೇ ಲೆಕ್ಕ. ಅದಕ್ಕೆಂದೇ ನಿಫ್ಟ್ (ರಾಷ್ಟ್ರೀಯ ಫ್ಯಾಷನ್ ತಂತ್ರಜ್ಞಾನ ಸಂಸ್ಥೆ) ಕೇಂದ್ರ ಜವಳಿ ಸಚಿವಾಲಯದ ಜೊತೆ ಸೇರಿ 25,000 ಜನರ ಮೈ ಅಳತೆ ತೆಗೆಯುವ ಯೋಜನೆ ಹಾಕಿಕೊಂಡಿತು.

ಅಂಥ ಪಟ್ಟಿ ಎಲ್ಲರ ಬಳಕೆಗೆ ಬರುವವರೆಗೆ ಟೇಪಿಗಿಂತ ದೊಡ್ಡ ದೇವರಿಲ್ಲ. ನಿಮಗೆ ಚೆನ್ನಾಗಿ ಕೂರುವ ಒಂದು ಹಳೆಯ ಕುರ್ತಾವನ್ನು ಮಂಚದ ಮೇಲೆ ಹಾಸಿ ಭುಜ, ಎದೆ, ಸೊಂಟ, ತೋಳಿನ ಅಳತೆ ಬರೆದಿಟ್ಟುಕೊಳ್ಳಿ. ಎಸ್, ಎಂ ಎಂಬ ಅಕ್ಷರ ನೋಡದೆ ಇಂಚು ನೋಡಿ. ಟ್ರಯಲ್ ರೂಮಿನಲ್ಲಿ ಕನ್ನಡಿ ನೋಡಿಕೊಂಡು ನಿಂತರೆ ಸಾಲದು. ಎರಡೂ ಕೈ ಮೇಲೆತ್ತಿ, ಬಸ್ಸಿನ ಕಂಬಿ ಹಿಡಿದ ಹಾಗೆ. ಆಮೇಲೆ ಕೂತು ನೋಡಿ. ಕೂತಾಗ ಹೊಟ್ಟೆ ಮೇಲೆ ಎಳೆದರೆ ಆ ಸೈಜು ನಿಮ್ಮದಲ್ಲ.

ಜೇಬು ಇರುತ್ತಾ?

ಹಲವು ಕುರ್ತಾಗಳಲ್ಲಿ ಇರುತ್ತದೆ, ಎಲ್ಲದರಲ್ಲೂ ಅಲ್ಲ. ಮೊಬೈಲ್ ಹಾಕಿ ನಡೆದು ನೋಡಿ. ಒಂದು ಕಡೆ ಜೋತುಬಿದ್ದರೆ ಅದು ಕರವಸ್ತ್ರಕ್ಕೆ ಮಾತ್ರ.

ಬೆಲೆ ಇಷ್ಟೊಂದು ಯಾಕೆ? ಚಿಕ್ಕಪೇಟೆಯಲ್ಲಿ ಅದೇ ಥರದ್ದು ನಾನೂರಕ್ಕೆ ಸಿಗುತ್ತೆ.

ಅದೇ ಥರದ್ದು ಸಿಗುತ್ತದೆ. ಅದೇ ಸಿಗುತ್ತದಾ ಎನ್ನುವುದು ಬೇರೆ ಮಾತು. ಅಚ್ಚಿನ ಮುದ್ರಣದಲ್ಲಿ ಒಂದು ಬಣ್ಣಕ್ಕೆ ಒಂದು ಅಚ್ಚು. ಮೂರು ಬಣ್ಣದ ಹೂವಿದ್ದರೆ ಆ ಬಟ್ಟೆಯ ಉದ್ದಕ್ಕೂ ಮೂರು ಸಲ ಕೈ ಓಡಬೇಕು. ಅದೇ ಹೂವನ್ನು ಮಿಲ್ಲಿನ ಯಂತ್ರ ನಿಮಿಷಕ್ಕೆ ಎಷ್ಟೋ ಮೀಟರ್ ಮುದ್ರಿಸಿ ಎಸೆಯುತ್ತದೆ. ದೂರದಿಂದ ಎರಡೂ ಒಂದೇ. ಹತ್ತಿರ ಹಿಡಿದರೆ ಕೈಮುದ್ರಣದಲ್ಲಿ ಎರಡು ಅಚ್ಚು ಕೂಡುವ ಜಾಗದಲ್ಲಿ ಗೆರೆ ಚೂರು ದಪ್ಪಗಾಗಿರುತ್ತದೆ, ಹೂವಿನ ಕೆಂಪು ಅಂಚು ದಾಟಿರುತ್ತದೆ. ಒಂದೊಂದು ಹೂವಿನ ತಪ್ಪೂ ಬೇರೆ ಬೇರೆ ಇದ್ದರೆ ಅದು ಕೈ. ಒಂದೇ ತಪ್ಪು ಪ್ರತಿ ಅಡಿಗೂ ಹಾಗೇ ಬಂದರೆ ಯಂತ್ರ.

ಇದರ ಜೊತೆಗೆ ಒಳ್ಳೆಯ ರಸ್ತೆಯಲ್ಲಿನ ಅಂಗಡಿ ಬಾಡಿಗೆ, ಏಸಿ, ಚೆಂದದ ದೀಪ, ಜಾಹೀರಾತು ಎಲ್ಲ ಆ ಬೆಲೆಚೀಟಿಯೊಳಗೇ ಕೂತಿರುತ್ತವೆ. ಕೈಕೆಲಸದ ಬೆಲೆ ಎಷ್ಟು, ದೀಪದ ಬೆಲೆ ಎಷ್ಟು ಎಂದು ಚೀಟಿ ಹೇಳುವುದಿಲ್ಲ. ಯಂತ್ರದಲ್ಲಿ ಮುದ್ರಿಸಿದ ಕುರ್ತಾಕ್ಕೆ ಕೈಮುದ್ರಣದ ಬೆಲೆ ಹಾಕಿದ್ದರೆ ನಾನಂತೂ ವಾಪಸ್ ತೂಗುಹಾಕಿ ಬರುತ್ತೇನೆ.

ತೆರಿಗೆಯ ಒಂದು ಗುಟ್ಟು. 2025ರ ಸೆಪ್ಟೆಂಬರ್ 22ರಿಂದ ಉಡುಪಿನ ಜಿಎಸ್‌ಟಿ ಬದಲಾಗಿದೆ. ಒಂದು ಉಡುಪಿನ ಬೆಲೆ 2,500 ರೂಪಾಯಿವರೆಗೆ ಇದ್ದರೆ ಶೇಕಡಾ 5, ಅದನ್ನು ದಾಟಿದರೆ ಶೇಕಡಾ 18. ಮೊದಲು ಸಾವಿರದವರೆಗೆ 5, ಮೇಲಿನದಕ್ಕೆ 12 ಇತ್ತು. ಅಂದರೆ ಸಾದಾ ಕುರ್ತಾ ಕೊಳ್ಳುವವರಿಗೆ ಅನುಕೂಲ, ರೇಷ್ಮೆ ಸೆಟ್ ಕೊಳ್ಳುವವರಿಗೆ ಭಾರ.

ನಾನು ಕೊಟ್ಟ ದುಡ್ಡು ನೇಯ್ದವರಿಗೆ ಹೋಗುತ್ತಾ?

ಒಂದು ಭಾಗ ಹೋಗುತ್ತದೆ. ಎಷ್ಟು ಭಾಗ ಎಂಬುದು ಗಿರಾಕಿಗೆ ಕಾಣುವುದಿಲ್ಲ. 55,000ಕ್ಕೂ ಹೆಚ್ಚು ಕುಶಲಕರ್ಮಿಗಳ ಜೊತೆ ಕೆಲಸ ಮಾಡುತ್ತೇವೆ ಎಂದು ಕಂಪನಿ ಹೇಳಿಕೊಳ್ಳುತ್ತದೆ. ಹಿಂದೆ ಕುಶಲಕರ್ಮಿಗಳನ್ನೇ ಪಾಲುದಾರರಾಗಿ ಮಾಡಿಕೊಂಡು ಪ್ರದೇಶವಾರು ಕಂಪನಿಗಳನ್ನೂ ಕಟ್ಟಿತ್ತು. 2022ರ ಜನವರಿಯಲ್ಲಿ ಷೇರು ಮಾರುಕಟ್ಟೆಗೆ ಬರಲು ಅರ್ಜಿ ಹಾಕಿದಾಗ, ಸುಮಾರು 4,000 ಕೋಟಿ ಎತ್ತುವ ಮಾತಿನ ಜೊತೆಗೆ ಕುಶಲಕರ್ಮಿಗಳಿಗೆ ಷೇರು ಉಡುಗೊರೆ ಕೊಡುವ ಪ್ರಸ್ತಾಪವೂ ಇತ್ತು. 2023ರ ಫೆಬ್ರುವರಿಯಲ್ಲಿ ಅರ್ಜಿ ವಾಪಸ್ ಪಡೆದರು.

ಟೀಕೆ ಮಾಡುವವರು ಕೇಳುವ ಪ್ರಶ್ನೆಯೂ ನ್ಯಾಯವಾದದ್ದೇ. ಅಷ್ಟು ದೊಡ್ಡ ಖರೀದಿದಾರನ ಎದುರು ಸಣ್ಣ ನೇಕಾರ ದರ ಚೌಕಾಸಿ ಮಾಡುವುದು ಹೇಗೆ? ಹೊಗಳುವವರ ಉತ್ತರವೂ ತಳ್ಳಿಹಾಕುವಂಥದ್ದಲ್ಲ: ಆ ಖರೀದಿದಾರ ಇಲ್ಲದಿದ್ದರೆ ಮಗ್ಗ ಯಾವತ್ತೋ ಅಟ್ಟಕ್ಕೆ ಹೋಗುತ್ತಿತ್ತು. ಎರಡರ ಮಧ್ಯೆ ನಾನು ತೀರ್ಪು ಕೊಡಲಾರೆ. ನೇರವಾಗಿ ನೇಕಾರರಿಂದ ಕೊಳ್ಳುವ ದಾರಿ ಇದ್ದಾಗ ಅದನ್ನೇ ಹಿಡಿಯುತ್ತೇನೆ.

ಅಂಗಡಿಯಲ್ಲಿ ನಿಂತು ಕ್ವಾಲಿಟಿ ನೋಡೋದು ಹೇಗೆ?

ಕುರ್ತಾವನ್ನು ಒಳಮೈ ಹೊರಗೆ ಮಾಡಿ. ಸೇಲ್ಸ್ ಹುಡುಗಿ ನೋಡಿದರೆ ನೋಡಲಿ. ಬದಿಯ ಹೊಲಿಗೆಯಿಂದಾಚೆಗೆ ಎಷ್ಟು ಬಟ್ಟೆ ಬಿಟ್ಟಿದ್ದಾರೆ ಅಂತ ಬೆರಳಿಟ್ಟು ಅಳೆಯಿರಿ. ಅರ್ಧ ಇಂಚಾದರೂ ಇದ್ದರೆ ಮುಂದೆ ಟೈಲರ್ ಬಿಚ್ಚಿ ಅಗಲ ಮಾಡಿಕೊಡಬಲ್ಲ. ಬರೀ ಕಾಲು ಇಂಚು, ಅದೂ ಓವರ್‌ಲಾಕ್ ಮೆಷಿನ್ ಅಂಚು ಕತ್ತರಿಸಿ ಹೊಲಿದದ್ದು ಅಂದರೆ ಇವತ್ತಿನ ಮೈಗೆ ಮಾತ್ರ.

ಆಮೇಲೆ ಸೀಳಿನ ಮೇಲ್ತುದಿ ನೋಡಿ. ಮೊದಲು ಹರಿಯುವುದು ಅಲ್ಲೇ. ಅಲ್ಲೊಂದು ಸಣ್ಣ ತುಂಡು ಬಟ್ಟೆಯನ್ನೋ ಒತ್ತಾಗಿ ನಾಲ್ಕಾರು ಹೊಲಿಗೆಯನ್ನೋ ಹಾಕಿದ್ದರೆ ಹೊಲಿದವರಿಗೆ ಕೆಲಸ ಗೊತ್ತು. ಬದಿ ಹೊಲಿಗೆಯನ್ನು ಎರಡೂ ಕಡೆ ಮೆಲ್ಲಗೆ ಎಳೆಯಿರಿ. ಹೊಲಿಗೆಯ ಪಕ್ಕ ನೇಯ್ಗೆ ಬಿಟ್ಟುಕೊಂಡು ಏಣಿಯ ಹಾಗೆ ಗೆರೆ ಕಂಡರೆ ಬೇಡ. ಚಂದೇರಿ, ಕೋಟಾದಂಥ ತೆಳು ಬಟ್ಟೆಯಲ್ಲಿ ಈ ತೊಂದರೆ ಜಾಸ್ತಿ. ಅಂಥ ಕುರ್ತಾ ಬಿಗಿಯಾಗಿ ಹಾಕಬಾರದು.

ಗುಂಡಿಯ ಹಿಂದೆ ದಾರದ ಬಾಲ ಇದೆಯಾ? ಎಳೆದರೆ ಬಿಚ್ಚಿಕೊಳ್ಳುತ್ತದಾ? ಪಟ್ಟೆ ಬಟ್ಟೆಯಾದರೆ ಎರಡು ಬದಿಯ ಪಟ್ಟೆ ಹೊಲಿಗೆಯಲ್ಲಿ ಕೂಡಿದೆಯಾ? ಕೊನೆಗೆ ಕೈಯನ್ನು ಒಳಗೆ ಹಾಕಿ ಕಿಟಕಿ ಕಡೆ ಹಿಡಿಯಿರಿ. ಅಂಗಡಿಯ ಹಳದಿ ದೀಪದಲ್ಲಿ ತಿಳಿಬಣ್ಣದ ಬಟ್ಟೆಯೆಲ್ಲ ದಪ್ಪ ಕಾಣುತ್ತದೆ. ಬಿಸಿಲಲ್ಲಿ ಬೆರಳು ಎಣಿಸುವ ಹಾಗಿದ್ದರೆ ಸ್ಲಿಪ್ಪಿನ ಖರ್ಚೂ ಸೇರಿಸಿ ಲೆಕ್ಕ ಹಾಕಿ.

ಟ್ಯಾಗಿನಲ್ಲಿ ‘ವಿಸ್ಕೋಸ್’ ಅಂತಿದೆ. ಅದು ಪ್ಲಾಸ್ಟಿಕ್ಕಾ?

ಅಲ್ಲ. ಮರದ ತಿರುಳಿನಿಂದ ತೆಗೆದ ನಾರು. ರೇಯಾನ್ ಅಂತ ನಮ್ಮ ಅಮ್ಮಂದಿರು ಕರೆಯುತ್ತಿದ್ದದ್ದು ಇದನ್ನೇ. ಹರಿಹರದ ಹತ್ತಿರ, ತುಂಗಭದ್ರಾ ದಡದ ಕುಮಾರಪಟ್ಟಣದ ಕಾರ್ಖಾನೆಯಲ್ಲಿ ಆಗುವುದೂ ಇದರ ಕೆಲಸವೇ. ತಣ್ಣಗಿರುತ್ತದೆ, ಚೆಂದ ಇಳಿಬೀಳುತ್ತದೆ, ಬಣ್ಣ ಹೊಳೆಯುತ್ತದೆ. ಆದರೆ ಒದ್ದೆಯಾದಾಗ ಬಲ ಕಳೆದುಕೊಳ್ಳುತ್ತದೆ. ಕಲ್ಲಿನ ಮೇಲೆ ಬಡಿಯಬೇಡಿ, ಹಿಂಡಿ ತಿರುಚಬೇಡಿ. ‘ಹತ್ತಿ ಅಂದ್ಕೊಂಡು ತಂದೆ, ಒಂದೇ ಸಲಕ್ಕೆ ಮುದುರಿಹೋಯ್ತು’ ಎನ್ನುವ ದೂರುಗಳಲ್ಲಿ ಬಹಳಷ್ಟರ ಹಿಂದೆ ಓದದ ಟ್ಯಾಗ್ ಇರುತ್ತದೆ.

ಆನ್‌ಲೈನಲ್ಲಿ ತರಿಸಬಹುದಾ?

ಮೊದಲೇ ಹಾಕಿ ನೋಡಿದ ಕಟ್ ಆದರೆ ತರಿಸಿ. ಹೊಸ ಕಟ್, ಹೊಸ ಬಟ್ಟೆ ಆದರೆ ಅಂಗಡಿಗೇ ಹೋಗಿ. ಫೋಟೊದಲ್ಲಿ ಬಟ್ಟೆಯ ತೂಕ ಗೊತ್ತಾಗುವುದಿಲ್ಲ. ಮಾಡೆಲ್ ಎತ್ತರ ಬರೆದಿದ್ದರೆ ಓದಿಕೊಳ್ಳಿ. ಐದೂಮುಕ್ಕಾಲು ಅಡಿಯವಳ ಮೊಣಕಾಲು ನಮ್ಮ ಮೊಣಕಾಲಲ್ಲ.

ಕರ್ನಾಟಕದಲ್ಲೇ ಮಾಡಿದ ಇಂಥ ಬಟ್ಟೆ ಎಲ್ಲಿ ಸಿಗುತ್ತೆ?

ಮೊದಲು ನೆನಪಾಗುವುದು ಚರಕ. ಸಾಗರ ತಾಲ್ಲೂಕಿನ ಹೆಗ್ಗೋಡಿನ ಪಕ್ಕ, ಭೀಮನಕೋಣೆಯಲ್ಲಿರುವ ಹೆಂಗಸರ ಸಹಕಾರ ಸಂಘ. ರಂಗಕರ್ಮಿ ಪ್ರಸನ್ನ ಅವರು ಕಟ್ಟಿ ಬೆಳೆಸಿದ್ದು. ಅಡಿಕೆ ಬೇಯಿಸಿದಾಗ ಉಳಿಯುವ ಚೊಗರಿನಿಂದ ಬಟ್ಟೆಗೆ ಕಂದುಗೆಂಪು ಬಣ್ಣ ಹಾಕುತ್ತಾರೆ. ಮಲೆನಾಡಿನವರಿಗೆ ಆ ಬಣ್ಣ ಅಂಗಳದಲ್ಲೇ ನೋಡಿ ಗೊತ್ತು. ಅವರ ಬಟ್ಟೆ ‘ದೇಸಿ’ ಅಂಗಡಿಗಳಲ್ಲಿ ಮಾರಾಟ ಆಗುತ್ತದೆ. ಕೈಯಲ್ಲಿ ಮಾಡಿದ ವಸ್ತುಗಳಿಗೆ ತೆರಿಗೆ ಬೇಡ ಎಂದು 2017ರಲ್ಲಿ ಪ್ರಸನ್ನ ಬೆಂಗಳೂರಿನಲ್ಲಿ ಉಪವಾಸ ಕೂತಿದ್ದು ಹಲವರಿಗೆ ನೆನಪಿರಬಹುದು.

ದೇಸಿ ಕುರ್ತಾಗಳ ಬಗ್ಗೆಯೂ ಎರಡು ಪಕ್ಷ ಇದೆ, ಕೇಳಬೇಡಿ. ಬಣ್ಣ ಮಂಕು, ಕಟ್ ಒಂದೇ ಥರ ಅನ್ನುವವರು ಒಂದು ಕಡೆ. ಒಮ್ಮೆ ಹಾಕಿದ ಮೇಲೆ ಬೇರೆ ಬಟ್ಟೆ ಚುಚ್ಚುತ್ತದೆ ಅನ್ನುವವರು ಇನ್ನೊಂದು ಕಡೆ. ನಾನು ಎರಡನೇ ಕಡೆಗೆ ವಾಲುತ್ತೇನೆ, ಬೇಸಿಗೆಯಲ್ಲಂತೂ.

ರಾಜ್ಯ ಕೈಮಗ್ಗ ಅಭಿವೃದ್ಧಿ ನಿಗಮದ ಪ್ರಿಯದರ್ಶಿನಿ ಮಳಿಗೆಯಲ್ಲಿ ಬಟ್ಟೆ ತಗೊಂಡು ಹೊಲಿಸುವುದು ಇನ್ನೊಂದು ದಾರಿ. ಸ್ವಲ್ಪ ಬಣ್ಣ ಬೇಕು ಅನ್ನುವವರು ಗುಳೇದಗುಡ್ಡದ ಖಣ ತಂದು ಕುರ್ತಾದ ಎದೆ ಪಟ್ಟಿಗೋ ತೋಳಿಗೋ ಹಾಕಿಸುತ್ತಿದ್ದಾರೆ. ಇಡೀ ಕುರ್ತಾ ಖಣದ್ದೇ ಬೇಕಾದರೆ ಅಗಲ ಮೊದಲೇ ಕೇಳಿ. ಕುಪ್ಪಸಕ್ಕೆಂದು ನೇಯ್ದ ಬಟ್ಟೆ, ಹಾಗಾಗಿ ಅಗಲ ಕಡಿಮೆ.

ಬಟ್ಟೆ ಹಾಳಾಗಿದ್ರೆ ವಾಪಸ್ ತಗೊಳ್ಳಲೇಬೇಕಾ? ಬಿಲ್ಲಿನಲ್ಲಿ ‘ಮಾರಿದ ಮಾಲು ವಾಪಸಿಲ್ಲ’ ಅಂತ ಇತ್ತು.

ಇಷ್ಟ ಆಗಲಿಲ್ಲ ಎಂದರೆ ಅಂಗಡಿಯ ನಿಯಮ. ಬಟ್ಟೆಯೇ ದೋಷದ್ದಾದರೆ ಕಾನೂನು ನಿಮ್ಮ ಕಡೆ ಇದೆ. ಬಿಲ್ಲಿನಲ್ಲಿ ಬರೆದ ಅವಧಿಯೊಳಗೆ, ಅವಧಿ ಬರೆದಿಲ್ಲದಿದ್ದರೆ 30 ದಿನದೊಳಗೆ, ದೋಷದ ವಸ್ತುವನ್ನು ವಾಪಸ್ ತಗೊಂಡು ಹಣ ಕೊಡಲು ಒಪ್ಪದಿದ್ದರೆ 2019ರ ಗ್ರಾಹಕ ಸಂರಕ್ಷಣಾ ಕಾಯ್ದೆ ಅದನ್ನು ಅನ್ಯಾಯದ ವ್ಯಾಪಾರ ಎನ್ನುತ್ತದೆ. ಮೊದಲು ಅಂಗಡಿಯಲ್ಲಿ ಸಮಾಧಾನವಾಗಿ ಮಾತಾಡಿ. ಆಗದಿದ್ದರೆ 1915ಕ್ಕೆ ಫೋನ್ ಮಾಡಿ. ಅದು ರಾಷ್ಟ್ರೀಯ ಗ್ರಾಹಕ ಸಹಾಯವಾಣಿ.

ಬಿಲ್ಲು ಮತ್ತು ಟ್ಯಾಗ್ ಎರಡನ್ನೂ ಮೊದಲ ಒಗೆತ ಮುಗಿಯುವವರೆಗೆ ಎಸೆಯಬೇಡಿ. ಬಣ್ಣ ಬಿಟ್ಟ ನೀರಿನ ಫೋಟೊ ತೆಗೆದಿಡಿ. ‘ನೀವು ಬಿಸಿನೀರಲ್ಲಿ ಹಾಕಿರ್ತೀರ ಮೇಡಂ’ ಎನ್ನುವ ಮಾತು ಖಂಡಿತ ಬರುತ್ತದೆ. ನನಗೆ ಒಂದು ಮಳಿಗೆಯಲ್ಲಿ ಹಾಗೆ ಹೇಳಿದರು. ಒಗೆಯದೇ ತಂದಿದ್ದ, ಹೊಲಿಗೆ ಬಿಟ್ಟ ಕುರ್ತಾಕ್ಕೆ!

ಅಮೆರಿಕದಲ್ಲಿರೋ ಮಗಳಿಗೆ ಕಳಿಸಬೇಕು. ಯಾವುದು ಆರಿಸಲಿ?

ಅಲ್ಲಿ ಬಟ್ಟೆ ನೇರ ಡ್ರೈಯರ್‌ಗೆ ಹೋಗುತ್ತದೆ ಎಂದೇ ಎಣಿಸಿ ಆರಿಸಿ. ಡ್ರೈಯರ್ ಬಿಸಿಗೆ ಹತ್ತಿ ಕುಗ್ಗುವುದು ಜಾಸ್ತಿ. ಹಾಗಾಗಿ ಒಂದು ಸೈಜು ಮೇಲಿನದು, ಇಲ್ಲೇ ಒಂದು ಸಲ ಒಗೆದು, ಇಸ್ತ್ರಿ ಹಾಕಿಸಿ ಕಳಿಸಿ. ಇಂಡಿಗೊ ಬೇಡ. ಅಲ್ಲಿ ಎಲ್ಲವನ್ನೂ ಒಟ್ಟಿಗೆ ಒಂದೇ ಮೆಷಿನ್ನಿಗೆ ಹಾಕುತ್ತಾರೆ, ಅಳಿಯನ ಬಿಳಿ ಬನಿಯನ್ನುಗಳೂ ಅದರಲ್ಲೇ ಇರುತ್ತವೆ.